ನಿಮಿಷಕ್ಕೆ ನಲವತ್ತಾರು

ಲಾಲಮ್ಮನ ಮುಂಗೈ ಹಿಡಿದು ಕೂತ ಡಾಕ್ಟರು ಮೊದಲು ಅನುಮಾನಪಟ್ಟದ್ದು ತಮ್ಮ ಗಡಿಯಾರದ ಮೇಲೆ. ಅದನ್ನು ಕಿವಿಗೆ ಹಿಡಿದು ನೋಡಿದರು, ಎರಡು ಸಲ ಅಲ್ಲಾಡಿಸಿದರು, ಆಮೇಲೆ ಕಂಪೌಂಡರ್ ಅಬ್ದುಲ್ ಸಲಾಂ ಅವರ ಗಡಿಯಾರ ಇಸಿದುಕೊಂಡು ಮತ್ತೆ ಎಣಿಸಿದರು. ಮತ್ತೂ ಅಷ್ಟೇ ಬಂತು. ನಿಮಿಷಕ್ಕೆ ನಲವತ್ತಾರು. ಎಪ್ಪತ್ತರ ಆಸುಪಾಸು ಬಡಿಯಬೇಕಾದ ನಾಡಿ, ಮೂವತ್ತು ದಾಟಿದ ಈ ಗಟ್ಟಿಮುಟ್ಟು ಹೆಂಗಸಿನ ಕೈಯಲ್ಲಿ ಮನಸ್ಸು ಬಂದಾಗ ಒಂದು ಏಟು ಹಾಕುತ್ತಿತ್ತು.

ತಲೆ ಸುತ್ತುತ್ತದೆಯೇ, ಕಣ್ಣಿಗೆ ಕತ್ತಲೆ ಬರುತ್ತದೆಯೇ ಎಂದು ಕೇಳಿದರು. ಯಾವುದೂ ಇಲ್ಲವೆಂದಳು. ಆ ಬೆಳಿಗ್ಗೆಯಷ್ಟೇ ಜೊತೆಗೆ ಕಲ್ಲು ಹೊರುವ ಜೋಡಿದಾರರ ಸಂಗಡ ಅರ್ಧ ವ್ಯಾಗನ್ ತುಂಬಿ ಬಂದಿದ್ದಳು. ಶಹಾಬಾದ್ ಖಣಿಗಳಿಂದ ಬಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲನ್ನು ವಾಡಿಯ ರೈಲು ಸೈಡಿಂಗಿನಲ್ಲಿ ತಲೆಯ ಮೇಲೆ ಹೊತ್ತು, ಹಲಗೆ ಏರಿ ವ್ಯಾಗನ್ನಿಗೆ ಇಳಿಸುವುದು ಅವಳ ಹನ್ನೊಂದು ವರ್ಷದ ಕೆಲಸ. ಈಗ, ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಮೊದಲ ಸಲ ಹೆಂಗಸರನ್ನೂ ಕಾಯಂ ಮಾಡುತ್ತೇವೆಂದು ಗುತ್ತಿಗೆ ಕಂಪನಿಯವರು ಒಪ್ಪಿದ್ದರು. ಮೈ ಗಟ್ಟಿಯಿದೆಯೆಂದು ಡಾಕ್ಟರ ಚೀಟಿ ತಂದರೆ ಸಾಕು.

ತುಮಕೂರಿನ ಕಡೆಯಿಂದ ಬಂದಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವಳನ್ನು ಹೆದರಿಸಬಾರದೆಂದು ಮೆತ್ತಗೆ ಹೇಳಿದರು: "ನೋಡಮ್ಮ, ನಿನ್ನ ಹೃದಯ ದಣಿದಿದೆ. ಎರಡು ತಿಂಗಳು ಏನೂ ಎತ್ತಬೇಡ. ಆಮೇಲೆ ನೋಡೋಣ."

ಸಲಾಂ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಅದೇ ಚೀಟಿಗೆ ಬಂದಿದ್ದ ಉಳಿದ ಹತ್ತೊಂಬತ್ತು ಹೆಂಗಸರ ನಾಡಿ ನೋಡುವ ಕೆಲಸವನ್ನು ಅವರಿಗೆ ಒಪ್ಪಿಸಿ ಡಾಕ್ಟರು ಊಟಕ್ಕೆ ಎದ್ದರು. ಸಂಜೆಯೊಳಗೆ ಹತ್ತೊಂಬತ್ತು ಮಂದಿಗೂ ಚೀಟಿ ಸಿಕ್ಕಿತು. ಲಾಲಮ್ಮನಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಂಪು ಔಷಧ. ಎರಡು ತಿಂಗಳು ಜಾಗ ಹಿಡಿದಿಡುತ್ತೇನೆ, ಅದರಾಚೆ ನನ್ನ ಕೈಯಲ್ಲಿಲ್ಲ ಎಂದು ಕೂಲಿಯವರ ಮೇಲಿನ ಮುಕಾದಮ ಮಜೀದಸಾಬ ಅವಳ ಮುಖ ನೋಡದೆ ಹೇಳಿ ಹೋದ.

ಓಣಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ನಿಂತೇಹೋಗುವ ಗುಂಡಿಗೆಯಂತೆ ಎಂದರು. ಕಲ್ಲಿನ ಭಾರಕ್ಕೆ ಅದು ಹೊಟ್ಟೆಗೆ ಇಳಿದುಬಿಟ್ಟಿದೆಯಂತೆ ಎಂದೂ ಒಬ್ಬಳೆಂದಳು. ಅತ್ತೆ ಮಾಳಮ್ಮ ಲಾಲಮ್ಮನ ಕೈಯಿಂದ ಕೊಡ ಕಸಿದುಕೊಂಡಳು, ರೊಟ್ಟಿ ಬಡಿಯಲೂ ಬಿಡಲಿಲ್ಲ. ಖಣಿಯಲ್ಲಿ ಕಲ್ಲು ಎಬ್ಬಿಸುವ ಗಂಡ ನಾಮದೇವ ಹದಿನೈದು ದಿನಕ್ಕೊಮ್ಮೆ ಬಂದಾಗ ಹೆಂಡತಿಯ ಬೆನ್ನಿಗೆ ಕಿವಿ ಹಚ್ಚಿ ಕೇಳಿ, ಬಡಿಯಲಿಕತ್ತದ ಬಿಡು ಎಂದು ಸಮಾಧಾನ ಮಾಡಿಕೊಂಡು ಹೋದ.

ಲಾಲಮ್ಮ ಕೂತಳು. ಕೂತು ಗೊತ್ತಿಲ್ಲದವಳಿಗೆ ಕೂರುವುದೇ ಒಂದು ಕೆಲಸವಾಯಿತು. ಮೊದಲ ವಾರ ತೋಳು ತುರಿಸಿದಂತಾಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಆ ಚಡಪಡಿಕೆ ಹೋಯಿತು, ಅದರ ಜೊತೆ ಬೇರೇನೋ ಹೋಯಿತು. ಒಂದು ದಿನ ಅತ್ತೆಯ ಕಣ್ಣು ತಪ್ಪಿಸಿ ಬಾವಿಯಿಂದ ಒಂದೇ ಕೊಡ ತಂದಳು. ಮನೆ ಮುಟ್ಟುವಷ್ಟರಲ್ಲಿ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಹನ್ನೊಂದು ವರ್ಷ ಎದೆಯೊಳಗೆ ಒಂದು ಗುಂಡಿಗೆ ಇದೆಯೆಂದೇ ಅವಳಿಗೆ ಗೊತ್ತಾಗಿರಲಿಲ್ಲ. ಈಗ ಅದು ಬಾಗಿಲು ಬಡಿಯುವ ನೆಂಟನಂತೆ ಕೂಗುತ್ತಿತ್ತು. ಜಡ್ಡು ಈಗ ಬಂತೋ, ಈಗ ಹೋಯಿತೋ? ಯಾರನ್ನು ಕೇಳಬೇಕೆಂದೂ ತಿಳಿಯಲಿಲ್ಲ.

ಎರಡು ತಿಂಗಳು ತುಂಬಿದ ದಿನ ಜೋಡಿದಾರಳಾದ ಮಹಾದೇವಮ್ಮನನ್ನು ಕರೆದುಕೊಂಡು ದವಾಖಾನೆಗೆ ಹೋದಳು. ಡಾಕ್ಟರು ಮುಂಗೈ ಹಿಡಿದರು, ಎಣಿಸಿದರು, ನಕ್ಕರು. ಎಪ್ಪತ್ತೆರಡು.

"ಗುಣವಾಯಿತು ಲಾಲಮ್ಮ," ಎಂದು ಚೀಟಿ ಬರೆಯಲು ಪೆನ್ನು ತೆಗೆದರು.

ಇನ್ನು ನಾಲ್ಕು ಅಕ್ಷರ ಬರೆದಿದ್ದರೆ ಅವಳು ಕಾಯಂ. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ಎರಡು ತಿಂಗಳಿಂದ ಒಳಗೆ ಕುದಿಯುತ್ತಿದ್ದ ಮಾತು ತಾನಾಗಿ ಹೊರಬಿತ್ತು.

"ಸಾಹೇಬ್ರ, ಒಂದ್ ಮಾತ್ರೀ. ಆವಾಗ ನಲವತ್ತಾರು ಇದ್ದಾಗ ನಾ ಎರಡು ಕಲ್ಲು ಹೊತ್ತು ಮಾತಾಡ್ಕೋತ ಹಲಗಿ ಏರ್ತಿದ್ದೆ. ಈಗ ಗುಣ ಆಗ್ಯಾದ ಅಂತೀರಿ, ಒಂದು ಕೊಡಾ ಎತ್ತಿದ್ರ ದಮ್ಮು ಹತ್ತಲಿಕತ್ತದ. ಇದು ಹೆಂಗ್ ಗುಣ್ರಿ?"

ಪೆನ್ನು ನಿಂತಿತು. ದಮ್ಮು ಹತ್ತುತ್ತದೆಯೇ? ಹಾಗಾದರೆ ಇನ್ನೂ ಪೂರ್ತಿ ಗುಣವಾಗಿಲ್ಲ, ಇನ್ನೊಂದೆರಡು ತಿಂಗಳು ವಿಶ್ರಾಂತಿ ಬೇಕೇನೋ ಎಂದರು ಡಾಕ್ಟರು. ಮಹಾದೇವಮ್ಮ ಹಿಂದಿನಿಂದ ಅವಳನ್ನು ಚಿವುಟಿದಳು. ಖರೇ ಹೇಳಿ ಕೆಲಸ ಕಳೆದುಕೊಂಡೆನಲ್ಲ ಎಂದುಕೊಂಡಳು ಲಾಲಮ್ಮ.

ಆಗ ಮೂಲೆಯಲ್ಲಿ ಶೀಶೆ ತೊಳೆಯುತ್ತಿದ್ದ ಸಲಾಂ ಕೈ ಒರೆಸಿಕೊಂಡು ಬಂದರು. ವಯಸ್ಸಿದ್ದಾಗ ಅವರು ಚಿತ್ತಾಪುರದ ಕುಸ್ತಿ ತಾಲೀಮಿನಲ್ಲಿ ಮಣ್ಣು ಕಂಡವರು.

"ಡಾಕ್ಟರಸಾಬ, ನಮ್ಮ ತಾಲೀಮಿನಾಗ ಪೈಲ್ವಾನರ ನಾಡಿ ನಾನೇ ನೋಡ್ತಿದ್ದೆ. ದೊಡ್ಡ ಪೈಲ್ವಾನರದು ಹಿಂಗೇ, ನಲವತ್ತೈದು, ಐವತ್ತು. ಗಟ್ಟಿ ಗುಂಡಿಗಿ ಸಾವಕಾಶ ಬಡೀತದ ಅಂತಿದ್ರು ಉಸ್ತಾದರು."

"ಅವತ್ತೇ ಯಾಕೆ ಹೇಳಲಿಲ್ಲ?"

"ಹೆಣ್ಮಗಳ ಕೈ ಅಲ್ರೀ ಅದು. ಪೈಲ್ವಾನರ ನಾಡಿ ಹೆಣ್ಮಗಳಿಗಿ ಹೆಂಗ್ ಬರ್ತದ ಅಂತ ನಾನೇ ಗಲಿಬಿಲಿ ಆದೆ."

ಡಾಕ್ಟರು ಕೂಡ ಗಲಿಬಿಲಿಯಾದರು. ಓಟಗಾರರ ಹೃದಯದ ವಿಷಯ ಅವರೂ ಎಲ್ಲೋ ಓದಿದ್ದರು, ಆದರೆ ಅಲ್ಲಿದ್ದವರೆಲ್ಲ ಗಂಡಸರು. ಕಲ್ಲು ಹೊರುವ ಹೆಂಗಸಿನ ಬಗ್ಗೆ ಯಾವ ಪುಸ್ತಕದಲ್ಲೂ ಒಂದು ಸಾಲು ಕಂಡ ನೆನಪಿಲ್ಲ.

ಲಾಲಮ್ಮ ಮಹಾದೇವಮ್ಮನ ರಟ್ಟೆ ಹಿಡಿದು ಮುಂದೆ ತಳ್ಳಿದಳು. "ಇಕೀದೂ ನೋಡ್ರಿ. ಇಕಿ ನನ್ನ ಸರೀಕ ಹೊರಾಕಿ."

ಡಾಕ್ಟರು ನೋಡಿದರು. ಐವತ್ತು. ರಿಜಿಸ್ಟರು ತೆರೆದರು. ಮಹಾದೇವಮ್ಮನ ಹೆಸರಿನ ಮುಂದೆ ಎಪ್ಪತ್ತೆರಡು ಎಂದಿತ್ತು. ಅದರ ಕೆಳಗಿನವಳಿಗೂ ಎಪ್ಪತ್ತೆರಡು. ಹತ್ತೊಂಬತ್ತು ಮಂದಿಗೂ ಎಪ್ಪತ್ತೆರಡೇ, ಒಂದೇ ಕೈಬರಹದಲ್ಲಿ. ಸಲಾಂ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ನಿಂತರು.

ಡಾಕ್ಟರ ಕಷ್ಟ ಲಾಲಮ್ಮನಿಗೂ ಕಂಡಿತು. ತನ್ನದು ಜಡ್ಡಾದರೆ ಇಪ್ಪತ್ತು ಮಂದಿಗೂ ಜಡ್ಡು, ಎಲ್ಲರ ಚೀಟಿ ಹರಿಯಬೇಕು. ಅವರದು ಜಡ್ಡಲ್ಲವಾದರೆ ತಾನು ಎರಡು ತಿಂಗಳು ಕೂತದ್ದು ಯಾಕೆ? ಡಾಕ್ಟರನ್ನು ಬೈಯಬೇಕೋ, ಕನಿಕರಪಡಬೇಕೋ ಅವಳಿಗೆ ಗೊತ್ತಾಗಲಿಲ್ಲ. ಬಾಯಿ ಬಿಟ್ಟು ಮಹಾದೇವಮ್ಮನನ್ನೂ ಸಿಕ್ಕಿಸಿಬಿಟ್ಟೆನೇನೋ ಎಂಬ ಅಂಜಿಕೆ ಬೇರೆ.

ಕೊನೆಗೆ ಡಾಕ್ಟರು ಅವಳನ್ನೇ ಕೇಳಿದರು, ನಾನೇನು ಬರೆಯಲಿ ಎಂದು.

"ಚೀಟಿ ಬರೀರಿ. ನಾ ಸಣ್ಣ ಕಲ್ಲಿನಿಂದ ಸುರು ಮಾಡ್ತೀನಿ. ಸೋಮವಾರಕ್ಕೊಮ್ಮಿ ಬರ್ತೀನಿ, ಎಣಸ್ರಿ. ಬಿದ್ದೇನಂದ್ರ ಹರೀರಿ."

ಡಾಕ್ಟರು ಬರೆದರು. ಮಹಾದೇವಮ್ಮನ ಎಪ್ಪತ್ತೆರಡನ್ನು ತಿದ್ದಿ ಐವತ್ತು ಮಾಡಿದರು, ಅವಳ ಚೀಟಿಯನ್ನು ಮಾತ್ರ ಮುಟ್ಟಲಿಲ್ಲ.

ಮೊದಲ ವಾರ ಲಾಲಮ್ಮ ಒಂದಡಿಯ ಚೂರುಕಲ್ಲು ಹೊತ್ತಳು. ಅದಕ್ಕೇ ಏದುಸಿರು. ಜೋಡಿದಾರರು ನಕ್ಕರು, ಇದೇನು ಬಸುರಿ ನಡೆದಂಗ ನಡೀತಿಯಲ್ಲ ಎಂದರು. ಮಜೀದಸಾಬ ಮಾತ್ರ ಅವರನ್ನು ಗದರಿಸಿ, ಅವಳ ಪಾಲಿಗೆ ಸಣ್ಣ ರಾಶಿ ಬೇರೆ ಹಾಕಿಸಿದ. ಎರಡನೇ ವಾರ ಒಂದೂವರೆ ಅಡಿ. ಸೋಮವಾರ ಸೋಮವಾರ ಡಾಕ್ಟರು ಎಣಿಸಿದರು. ಎಪ್ಪತ್ತು. ಅರವತ್ತೇಳು. ಅರವತ್ತೊಂದು. ಸಂಖ್ಯೆ ಇಳಿದಾಗಲೆಲ್ಲ ಅವರ ಹಣೆ ಗಂಟಾಗುತ್ತಿತ್ತು, ಅದನ್ನು ನೋಡಿ ಅವಳಿಗೂ ಹೆದರಿಕೆ. ಆದರೆ ಹೊರಗೆ ಬಂದು ಹಲಗೆ ಏರಿದರೆ ಎದೆ ಮೊದಲಿನ ಹಾಗೆ ಮೌನ. ಖುಷಿಪಡಬೇಕೋ ಬೇಡವೋ ಎಂದು ಕೇಳಿಕೊಳ್ಳುತ್ತಲೇ ಮುಂದಿನ ಕಲ್ಲಿಗೆ ಬಾಗುತ್ತಿದ್ದಳು.

ಒಂಬತ್ತನೇ ಸೋಮವಾರ ಐವತ್ತೆರಡು ಬಂತು. ಅವತ್ತು ಅವಳು ಜೋಡಿ ಕಲ್ಲು ಹೊತ್ತಿದ್ದಳು. ಡಾಕ್ಟರು ಅವಳ ಕೈ ಬಿಡದೆ ಬಹಳ ಹೊತ್ತು ಕೂತರು.

"ಲಾಲಮ್ಮ, ಇದನ್ನ ಕಾಯಿಲೆ ಅಂತ ಬರೀಲೋ, ಆರೋಗ್ಯ ಅಂತ ಬರೀಲೋ, ನನಗೇ ತಿಳೀತಿಲ್ಲ."

ಹೊರಗೆ ವ್ಯಾಗನ್ ಹಚ್ಚಿ ನಿಲ್ಲಿಸಿದ್ದರು, ಮಹಾದೇವಮ್ಮ ಎರಡು ಸಲ ಕೂಗಿದ್ದಳು. ಲಾಲಮ್ಮ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನನಗೂ ತಿಳೀವಲ್ದುರೀ. ಕಾಯಂ ಅಂತ ಬರ್ದೀರಲ್ಲ, ಅದನ್ನ ಅಳಸಬ್ಯಾಡ್ರಿ. ಉಳಿದದ್ದು ಸಾವಕಾಶ ವಿಚಾರ ಮಾಡ್ರಿ," ಎಂದು ಹೇಳಿ ಸೈಡಿಂಗಿನ ಕಡೆ ನಡೆದಳು.