ಟ್ಯಾಮ್ಸಿನ್‌ಳ ಗೊರಕೆ

ಐದು ವರ್ಷದ ಟ್ಯಾಮ್ಸಿನ್ ಗೊರಕೆ ಹೊಡೆದರೆ ನ್ಯೂಫೌಂಡ್‌ಲ್ಯಾಂಡಿನ ಆ ಕೊಲ್ಲಿಯ ತಿಮಿಂಗಿಲಗಳೇ ದಾರಿ ಬಿಡುತ್ತಿದ್ದವು, ಕಡಲಹಕ್ಕಿಗಳು ಗಂಟುಮೂಟೆ ಕಟ್ಟುತ್ತಿದ್ದವು. ಸೀಳು ಅಂಗುಳದೊಂದಿಗೆ ಹುಟ್ಟಿದ ಮಗು ಅದು. ಮಾತು ಮೂಗಿನಿಂದ ಸೋರದಿರಲೆಂದು ವೈದ್ಯರು ಗಂಟಲ ಹಿಂದಿನ ದಾರಿಯನ್ನು ಹೊಲಿದು ಕಿರಿದಾಗಿಸಿದ್ದರು. ಗೊರಕೆ ಶುರುವಾದದ್ದು ಆಮೇಲೆ. ಆ ಊರಿನ ಮಕ್ಕಳು ತಾತನನ್ನು ‘ಪಾಪ್’ ಎನ್ನುತ್ತಾರೆ; ‘ಪ’ ಮೂಗಿಗೆ ಸೋರಿ ಅಲ್ಲಿಯವರೆಗೆ ‘ಮಮ್’ ಎನ್ನುತ್ತಿದ್ದವಳು ಆಗಲೇ ಮೊದಲ ಸಲ ‘ಪಾಪ್’ ಎಂದು ಸ್ಪಷ್ಟವಾಗಿ ಕರೆದದ್ದು.

ತಾತ ಆಂಬ್ರೋಸ್ ದೋಣಿಕಟ್ಟೆಯಲ್ಲಿ ಜಂಬ ಕೊಚ್ಚಿದ: “ನನ್ನ ಮೊಮ್ಮಗಳ ಗೊರಕೆ ಮುಂದೆ ದೀಪಸ್ತಂಭದ ಮಂಜಿನ ಸೈರನ್ನು ಬರೀ ಪೀಪಿ ಕಣ್ರೋ!”

“ಹಾಗಾದ್ರೆ ದೀಪಸ್ತಂಭದಲ್ಲೇ ಮಲಗ್ಸು ಮಾರಾಯ, ಸರ್ಕಾರಕ್ಕೆ ಕರೆಂಟು ಉಳೀಲಿ,” ಎಂದ ಗೆಳೆಯ ಸೈಲಸ್.

ಒಂದು ಮಧ್ಯಾಹ್ನ ಆಂಬ್ರೋಸ್ ಬಲೆ ಹೆಣೆಯುತ್ತಿದ್ದಾಗ, ಪಕ್ಕದಲ್ಲಿ ಮಲಗಿದ್ದವಳ ಗೊರಕೆ ನಿಂತಿತು. ಮಂಜಿನಲ್ಲಿ ದಾರಿ ಹೇಳುವ ಸೈರನ್ನು ನಿಂತರೆ ದೋಣಿಯವನ ಕೈಯೂ ನಿಲ್ಲುತ್ತದೆ. ಪುಟ್ಟ ಎದೆ ಎಳೆದಾಡುತ್ತಿತ್ತು, ಉಸಿರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕೊನೆಗೆ ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದು ಉಸಿರೆಳೆದಳು. ಮತ್ತೆ ನಿಂತಿತು. ನೂರು ಬಿರುಗಾಳಿ ನುಂಗಿದವನೆಂದು ಹೇಳಿಕೊಳ್ಳುತ್ತಿದ್ದ ಆಂಬ್ರೋಸ್ ಬಲೆ ಬಿಸುಟು ಅವಳನ್ನೆತ್ತಿಕೊಂಡು ಓಡಿದ.

ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಮಾಡಿದ ವೈದ್ಯರು, ಉಸಿರು ಕಟ್ಟುತ್ತಿರುವುದು ಹೊಲಿಗೆಯಿಂದಲೇ, ಅದನ್ನು ಬಿಚ್ಚಬೇಕು, ಮಾತು ಮತ್ತೆ ಮೂಗಿಗೆ ಹೋದರೂ ಹೋದೀತು ಎಂದರು. ಟ್ಯಾಮ್ಸಿನ್‌ಳ ತಾಯಿ, ಆಂಬ್ರೋಸನ ಮಗಳು ವರ್ನಾ ಅತ್ತಳು: “ಅಪ್ಪಾ, ನಿನ್ನನ್ನ ಈಗಷ್ಟೇ ‘ಪಾಪ್’ ಅಂತಿದಾಳಲ್ಲ...”

“ಏನಾದ್ರೂ ಕರೀಲಿ ಕಣೇ, ಕರೆಯೋಕೆ ಇರ್ಲಿ.”

ಹೊಲಿಗೆ ಬಿಚ್ಚಿಸಿಕೊಂಡು ಬಂದವಳು ಸದ್ದಿಲ್ಲದೆ ನಿದ್ದೆಮಾಡಿದಳು. ಎದ್ದು, ಮೂಗಿನಲ್ಲೇ ‘ಮಮ್’ ಎಂದಳು.

ಮರುದಿನ ಆಂಬ್ರೋಸ್ ಕಟ್ಟೆಯಲ್ಲಿ ಎದೆಯುಬ್ಬಿಸಿದ: “ನಿಮ್ಮನ್ನೆಲ್ಲ ಪಾಪ್ ಅಂತಾರೆ. ಇಡೀ ಅಟ್ಲಾಂಟಿಕ್ಕಿಗೆ ಮಮ್ ನಾನೊಬ್ಬನೇ!”