ಎಡಗಾಲಿನ ಚಪ್ಪಲಿ

ಮೂರು ವರ್ಷದ ಹಿಂದೆ, ಸಕ್ಕರೆ ಕಾಯಿಲೆಯಿಂದ ಕೊಳೆತ ಅಮ್ಮನ ಎಡಗಾಲಿನ ಹೆಬ್ಬೆರಳು ಕತ್ತರಿಸಿದ ದಿನ, ಮಗಳು ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದಳು: "ಇನ್ಮೇಲೆ ನಿನ್ ಕಾಲು ಬರಿನೆಲ ಮುಟ್ಟಕ್ಕೆ ನಾನು ಬಿಡಲ್ಲ ಕಣಮ್ಮ."

ಮುಳ್ಳು ಚುಚ್ಚಿದರೂ ಗೊತ್ತಾಗದ ಪಾದಗಳು ಅವು. ಮಗಳು ಮೆತ್ತನೆಯ ಚಪ್ಪಲಿ ಹೊಲಿಸಿ, ಬೆರಳಿಲ್ಲದ ಜಾಗಕ್ಕೆ ತನ್ನ ಹಳೇ ಕೆಂಪು ಸ್ವೆಟರಿನ ತುಂಡು ತುರುಕಿದಳು. ಅಮ್ಮ ಬಚ್ಚಲಿಗೂ ಅದನ್ನೇ ಮೆಟ್ಟಿಕೊಂಡು ಹೋಗುತ್ತಿದ್ದಳು. "ಸತ್ರೂ ಇದನ್ ಬಿಚ್ಚಬೇಡ್ರೇ, ಅಲ್ಲೂ ನಡೀಬೇಕಲ್ಲ" ಎಂದು ನಗುತ್ತಿದ್ದಳು.

"ಏಯ್ ದರಿದ್ರದವಳೇ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?"

ಮೇಸ್ತ್ರಿ ತನ್ನ ಬೂಟಿನ ತುದಿಯಿಂದ ನೆಲದ ಮೇಲಿನ ಕೆಸರು ಹೆಜ್ಜೆ ತೋರಿಸಿದ. ಮಗಳು, ಅಮ್ಮನ ಬೆರಳು ಕತ್ತರಿಸಿದ್ದ ಅದೇ ಸರ್ಕಾರಿ ಆಸ್ಪತ್ರೆಯಲ್ಲಿ, ಸಕ್ಕರೆ ಕಾಯಿಲೆಯವರ ಪಾದ ವಿಭಾಗದಲ್ಲಿ ನೆಲ ಒರೆಸುವವಳು, ಗುತ್ತಿಗೆಯವಳು. ಆವತ್ತು ದೊಡ್ಡ ಸಾಹೇಬರು ಹೊಸ ಬಿಳಿ ಟೈಲ್ಸ್ ನೋಡಲು ಬರುವವರಿದ್ದರು.

"ಒಬ್ರ ಚಪ್ಪಲೀನೂ ಒಳಗ್ ಬರಬಾರ್ದು. ಗೇಟಿನ ಹತ್ರಾನೇ ಬಿಚ್ಸು. ಇಲ್ಲಾಂದ್ರೆ ನಾಳೆಯಿಂದ ನೀನೂ ಆಚೆ."

ಅವಳು ಬಾಗಿಲಲ್ಲಿ ನಿಂತು ಕೂಗಿದಳು. "ಬಿಚ್ರೀ ಎಲ್ಲಾ! ಗೇಟಿನ ಹತ್ರಾನೇ ಬಿಚ್ರೀ!"

ರೋಗಿಗಳ ಸಾಲು ಸಿಮೆಂಟು ಅಂಗಳ ದಾಟಿ, ಗೋಡೆಯ ಆಚೆ ಗೇಟಿನವರೆಗೆ ಹೋಗಿತ್ತು. ಹನ್ನೊಂದರ ಬಿಸಿಲು. ಮುಂದಿದ್ದ, ಕೈಗಾಡಿ ಎಳೆಯುವ ತಾತ ಬಾಗಿಲ ಮೇಲಿನ ಬೋರ್ಡನ್ನು ಅಕ್ಷರ ಕೂಡಿಸಿ ಓದಿದ. "ಬರಿ... ಗಾಲಲ್ಲಿ... ನಡೆಯ... ಬೇಡಿ. ಏನವ್ವಾ, ಇದು ನಮಗೋ, ನಿಮ್ಮ ಸಾಹೇಬ್ರಿಗೋ?"

ಸಾಲು ನಕ್ಕಿತು.

"ಬಾಯ್ ಮುಚ್ಕೊಂಡ್ ಬಿಚ್ಚು ತಾತ. ನನ್ ಹೊಟ್ಟೆ ಮೇಲ್ ಹೊಡೀಬೇಡ."

ತಾತ ಬಿಚ್ಚಿದ. ಚಪ್ಪಲಿಗಳು ಕೈಯಿಂದ ಕೈಗೆ ದಾಟಿ ಗೇಟಿನ ಹತ್ತಿರ ರಾಶಿಯಾದವು.

ಸಾಹೇಬರು ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಕಾರು ಒಳಗೆ ಬಂದದ್ದೇ ಮೇಸ್ತ್ರಿ ಓಡಿ ಬಂದ. "ಗೇಟಿನ ಹತ್ರ ಚಪ್ಪಲಿ ರಾಶಿ ಕಾಣ್ತಿದೆಯಲ್ಲೇ, ಮುಂಡೇದೇ! ಮೂಟೆ ಕಟ್ಟು!"

ಅವಳು ಚೀಲ ಹಿಡಿದು ಹೋಗಿ ಬಾಚಿ ಬಾಚಿ ತುಂಬಿದಳು. ರಾಶಿಯ ತಳದಲ್ಲಿ, ಎಲ್ಲಕ್ಕಿಂತ ಕೆಳಗೆ, ಕೈಗೆ ಉಣ್ಣೆ ತಗುಲಿತು. ಕೆಂಪು ಉಣ್ಣೆ.

ಅಮ್ಮ ಗೋಡೆಯ ಆಚೆ, ಸಾಲಿನ ಕೊನೆಯಲ್ಲಿ ನಿಂತಿದ್ದಳು. ಬರಿಗಾಲು.

"ನಿನ್ ಸರದಿ ಮುಂದಿನ್ ವಾರ ಅಲ್ವಾ! ಯಾಕ್ ಬಂದೆ?"

"ದೊಡ್ಡ ಸಾಹೇಬ್ರು ಬರ್ತಾರೆ ಅಂದ್ರು, ದೊಡ್ಡ ಡಾಕ್ಟ್ರೇನೋ ಅಂತ ಬಂದೆ. ನಿನ್ ದನಿ ಕೇಳ್ತು. ಯಾರೂ ಬಿಚ್ತಾ ಇರ್ಲಿಲ್ಲ ಕಣೇ, ಗೊಣಗ್ತಿದ್ರು. ನಿನಗ್ ಬೈತಾರಲ್ಲ ಅಂತ ಮೊದಲು ನಾನೇ ಬಿಚ್ಚಿದೆ. ನನ್ನ ನೋಡಿ ಉಳಿದೋರೂ ಬಿಚ್ಚಿದ್ರು." ಅಮ್ಮನ ಮುಖದಲ್ಲಿ ಹೆಮ್ಮೆ ಇತ್ತು.

"ಕಾಲು ಸುಡ್ತಿಲ್ವಾ?"

"ಏನೂ ಇಲ್ವೇ. ತಣ್ಣಗಿದೆ."

ಮಗಳು ಕೂತು ಪಾದ ಎತ್ತಿದಳು. ಅಂಗಾಲಿನುದ್ದಕ್ಕೂ ಬೊಬ್ಬೆ ಎದ್ದು, ಒಂದು ಕಡೆ ಒಡೆದು, ಚರ್ಮ ಬಿಳಿಯಾಗಿ ಸುಲಿದಿತ್ತು.

ಅವಳು ಅಮ್ಮನನ್ನು ಬೆನ್ನ ಮೇಲೆ ಹೊತ್ತಳು. ಮೂಟೆಯನ್ನು ಎಳೆದುಕೊಂಡು ಅಂಗಳ ದಾಟಿ ಒಳಗೆ ನುಗ್ಗಿ, ಸಾಹೇಬರಿಗೆಂದು ಬಟ್ಟೆ ಹಾಸಿದ್ದ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿದಳು. ಬಿಳಿ ನೆಲದ ಮೇಲೆ ಮೂಟೆ ಸುರಿದಳು. ಚಪ್ಪಲಿಗಳು ಸಾಹೇಬರ ಬೂಟಿನವರೆಗೂ ಉರುಳಿದವು.

"ಬಂದು ಹಾಕ್ಕೊಳ್ರೀ ಎಲ್ಲಾ!" ಬಾಗಿಲ ಕಡೆ ತಿರುಗಿ ಕೂಗಿದಳು. "ತಾತ, ಮೊದ್ಲು ನೀನು!"

"ನಿನ್ ಕೆಲ್ಸ ಹೋಯ್ತು ಕಣೇ!" ಮೇಸ್ತ್ರಿ ಕಿರುಚಿದ.

"ಹೋಗ್ಲಿ ಬಿಡೋ. ನೀನೇ ಒರೆಸ್ಕೋ." ನೆಲ ಒರೆಸುವ ಕೋಲನ್ನು ಅವನ ಎದೆಗೆ ನೂಕಿದಳು.

ಜನ ಒಳಗೆ ಬಂದರು. ವಿಭಾಗದ ಡಾಕ್ಟರು ಬಗ್ಗಿ ಅಮ್ಮನ ಎರಡೂ ಅಂಗಾಲುಗಳನ್ನು ನೋಡಿ, ಬ್ಯಾಂಡೇಜು ತರಲು ನರ್ಸಿಗೆ ಕೈಸನ್ನೆ ಮಾಡಿದರು.

"ಯಾಕ್ರೇ ಎಲ್ಲಾ ಸುಮ್ನಾದ್ರಿ?" ಅಮ್ಮ ಕೇಳಿದಳು. "ನನಗೇನೂ ನೋವಿಲ್ಲ."

ಅಮ್ಮನ ಕಾಲು ಬರಿನೆಲ ಮುಟ್ಟಿತ್ತು. ಒಂದು ಗಂಟೆ ಹತ್ತು ನಿಮಿಷ. ಬಿಚ್ಚು ಅಂದವಳು ಮಗಳೇ.