ದನಿಗೆ ಇಸ್ತ್ರಿ ಹಾಕುವ ಮೇಷ್ಟ್ರು

ಎದುರಿಗೆ ಯಾರೇ ಮಾತಾಡುತ್ತಿರಲಿ, ಮೇಷ್ಟ್ರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಬಲಕ್ಕೆ ತಿರುವುತ್ತಿದ್ದವು. ಹೊಸಬರು ಇದನ್ನು ನರದೌರ್ಬಲ್ಯವೆಂದು ಭಾವಿಸಿ ಮರುಗುತ್ತಿದ್ದರು. ಈ ಪುಣ್ಯಾತ್ಮರು ಕೂತಲ್ಲೇ ಎದುರಿನವರ ದನಿಯನ್ನು ರಿಪೇರಿ ಮಾಡುತ್ತಿದ್ದಾರೆಂಬುದು ಬಲ್ಲವರಿಗೆ ಮಾತ್ರ ಗೊತ್ತಿತ್ತು. ಒಮ್ಮೆ ಅವರ ಹೆಂಡತಿ, ಎರಡು ತಿಂಗಳಿಂದ ಸೋರುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಕುರಿತು ಸಾತ್ವಿಕ ಕೋಪದ ಉಪನ್ಯಾಸವೊಂದನ್ನು ಕೊಡುತ್ತಿದ್ದಾಗ ಆ ಬೆರಳುಗಳ ಮೇಲೆ ಆಕೆಯ ಕಣ್ಣು ಬಿತ್ತು.

"ಏನ್ರೀ ಅದು? ನನ್ನ ಸೌಂಡ್ ಕಮ್ಮಿ ಮಾಡ್ತಾ ಇದ್ದೀರಾ?"

"ಛೆ ಛೆ, ಇಲ್ಲ ಕಣೇ. ಮೂಗಿನ ಹತ್ರ ಸ್ವಲ್ಪ ಕಟ್ಕೊಂಡ ಹಾಗಿತ್ತು. ಅಷ್ಟೇ ತೆಗೀತಿದ್ದೆ."

ನಲ್ಲಿ ಅವತ್ತೇ ರಿಪೇರಿಯಾಯಿತು.

ಅವರದು ಧ್ವನಿಮುದ್ರಣದ ಕಸುಬು. ದರ್ಜಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಗಾಜಿನ ಗೋಡೆಯಿಂದ ಇಬ್ಭಾಗವಾದ ಕೋಣೆ. ಆಚೆ ಹಾಡುವವರು, ಈಚೆ ಇವರು. ಇವರ ಕೈಯಳತೆಯಲ್ಲಿ ಒಂದು ಮೊಳದ ಲೋಹದ ಪೆಟ್ಟಿಗೆ, ಅದಕ್ಕೆ ಚಾನಲ್ ಸ್ಟ್ರಿಪ್ ಎಂದು ಹೆಸರು. ಮೈಕಿನಿಂದ ಹೊರಟ ದನಿ ಕಂಪ್ಯೂಟರನ್ನು ಸೇರುವ ಮೊದಲು ಈ ಸುಂಕದ ಕಟ್ಟೆಯನ್ನು ದಾಟಲೇಬೇಕು. ಅಲ್ಲಿ ಈಕ್ವಲೈಜರ್ ತಳದ ಗುಡುಗುಡುವನ್ನು ಕಳೆದು, ಮೂಗಿನ ಗುಂಯ್‌ಗುಟ್ಟುವಿಕೆಯನ್ನು ಇಳಿಸಿ, ಮೇಲೆ ತುಸು ಹೊಳಪು ಸವರುತ್ತದೆ; ಕಂಪ್ರೆಸರ್, ಗೆರೆ ಮೀರಿ ಎದ್ದ ದನಿಯನ್ನು ತಲೆಯ ಮೇಲೆ ಕೈಯಿಟ್ಟು ಕೂರಿಸುತ್ತದೆ. ಬಳಿಕ ಒಟ್ಟನ್ನೂ ಮೇಲೆತ್ತಿದಾಗ ಪಿಸುಮಾತೂ ಕೂಗೂ ಸರಿಸಮ. ದನಿಯ ಸುಕ್ಕೆಲ್ಲ ಹೀಗೆ ಮಾಯವಾಗುತ್ತಿದ್ದುದರಿಂದಲೇ ಗಾಯಕರ ಬಾಯಲ್ಲಿ ಇವರು ಇಸ್ತ್ರಿ ಮೇಷ್ಟ್ರಾದರು. ಅವರ ಸ್ವಂತ ಅಂಗಿಗೆ ಮಾತ್ರ ಆ ಭಾಗ್ಯ ಒದಗಿದ್ದನ್ನು ಯಾರೂ ಕಂಡಿರಲಿಲ್ಲ. ಯಂತ್ರಗಳ ಆರೋಗ್ಯಕ್ಕಾಗಿ ಕೊರೆಯುವಷ್ಟು ತಂಪಾಗಿಟ್ಟ ಆ ಕೋಣೆಗೆಂದು ತೊಟ್ಟ, ಮೊಣಕೈಗಳಲ್ಲಿ ತೇಪೆ ಬಿದ್ದ ಬೂದು ಸ್ವೆಟರು ಉರಿಬಿಸಿಲಿನಲ್ಲೂ ಅವರೊಡನೆ ಬೀದಿಗೆ ಬರುತ್ತಿತ್ತು.

ಈಗಿನವರು ದನಿಯನ್ನು ಹಸಿಯಾಗಿಯೇ ಹಿಡಿದಿಟ್ಟುಕೊಂಡು ತಿದ್ದುಪಡಿಯನ್ನೆಲ್ಲ ಆಮೇಲೆ ಮಾಡುತ್ತಾರೆ. ಕೆಟ್ಟರೆ ಹಿಂದಕ್ಕೆ ಹೋಗಬಹುದು. ಮೇಷ್ಟ್ರು ಇದಕ್ಕೆ ಜಪ್ಪಯ್ಯ ಅಂದರೂ ಒಪ್ಪರು. "ಆಮೇಲೆ ನೋಡ್ಕೊಳ್ಳೋಣ ಅನ್ನೋರು ಇವತ್ತು ಯಾಕ್ರೀ ಕೆಲಸಕ್ಕೆ ಬರ್ತಾರೆ?" ಎಂಬುದು ಅವರ ವಾದ. ಅವರಲ್ಲಿ ದನಿ ಇಸ್ತ್ರಿ ಮಾಡಿಸಿಕೊಂಡೇ ಒಳಗೆ ಹೋಗಬೇಕು, ಹಾಗೆ ಹೋದದ್ದನ್ನು ಮತ್ತೆ ಬ್ರಹ್ಮ ಬಂದರೂ ಸುಕ್ಕುಗಟ್ಟಿಸಲಾರ. ಇನ್ನೊಮ್ಮೆ ಹಾಡಿಸಬೇಕಾಗಿ ಬಂದರೆ ತಪ್ಪು ಖಂಡಿತ ಹಾಡುವವರದೇ. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಮೇಷ್ಟ್ರದಾಗಿರಲಿಲ್ಲ. ಇನ್ನು ಹಾಡುವ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುವಾಗ ಹಿಡಿಕೆ ಮುಟ್ಟಿದವರಿಗೆ ಕ್ಷಮೆಯೆಂಬುದೇ ಇಲ್ಲ. ಟೀ ತಂದ ಭಾವಮೈದುನನನ್ನೇ ಮೆಟ್ಟಿಲಿನವರೆಗೂ ಅಟ್ಟಿಸಿಕೊಂಡು ಹೋದ ಮಹಾನುಭಾವರು ಅವರು.

ಯಾವುದೋ ಸಂಘದ ಅಧ್ಯಕ್ಷರೊಬ್ಬರು ಚುನಾವಣಾ ಭಾಷಣವನ್ನು ಮುದ್ರಿಸಲು ಬಂದು, ಮೇಜು ಗುದ್ದಿ ಗುದ್ದಿ ಗರ್ಜಿಸಿ ಹೋದರು. ಇಸ್ತ್ರಿಯಾಗಿ ಹೊರಬಿದ್ದಾಗ ಅದು, ಯೋಚಿಸಿ ಮಾತಾಡುವ ಸಭ್ಯ ಗೃಹಸ್ಥರೊಬ್ಬರ ದನಿಯಾಗಿತ್ತು. ಕೇಳಿದ ಬೆಂಬಲಿಗರು ಮುಖ ಮುಖ ನೋಡಿಕೊಂಡು, "ಇವರು ಯಾರೋ ಒಳ್ಳೆಯವರ ಹಾಗಿದ್ದಾರೆ, ನಮ್ಮ ಅಧ್ಯಕ್ಷರಲ್ಲ ಬಿಡಿ," ಎಂದರಂತೆ. ಮೇಷ್ಟ್ರು ಇದನ್ನು ಪ್ರಶಸ್ತಿಪತ್ರದ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಅಂಥವರ ಮುಂದೆ ಒಂದು ಮಂಗಳವಾರ ಬೆಳಿಗ್ಗೆ ಅವರ ಅಕ್ಕ ಬಂದು ಕೂತರು. ತಾಯಿ ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನನ್ನು ಸಾಕಿದವರು ಈಕೆ. ಸಂಜೆ ಕಿಟಕಿಯಲ್ಲಿ ನಿಂತು, ತಾವೇ ಕಟ್ಟಿದ ತಲೆಬುಡವಿಲ್ಲದ ನಾಲ್ಕು ಸಾಲನ್ನು ಗುನುಗಿ, ಕೊನೆಗೆ "ಬಾರೋ ಪುಟ್ಟಾ" ಎಂದು ಕೂಗಿದರೆ ಸಾಕು, ಮೂರು ಬೀದಿಯಾಚೆ ಆಡುತ್ತಿದ್ದ ಹುಡುಗ ಚೆಂಡು ಬಿಸುಟು ಓಡಿ ಬರುತ್ತಿದ್ದ. ಸಂಬಂಧವಿಲ್ಲದ ಬೇರೆ ಪುಟ್ಟಂದಿರು ಒಂದಿಬ್ಬರು ಬರುತ್ತಿದ್ದುದೂ ಉಂಟು. ಈಗ ಆಕೆಯ ಧ್ವನಿತಂತುವಿನ ಮೇಲೆ ಗಂಟೊಂದು ಎದ್ದಿತ್ತು. ಗುರುವಾರ ಶಸ್ತ್ರಚಿಕಿತ್ಸೆ. ಆಮೇಲೆ ಈ ದನಿ ಉಳಿಯುವ ಭರವಸೆಯಿಲ್ಲ, ಅಲ್ಲಿಯವರೆಗೆ ಕೂಗಲೂ ಕೂಡದು ಎಂದಿದ್ದರು ಡಾಕ್ಟರು.

"ಒಂದೇ ಒಂದು ಸಲ ಕೂಗ್ತೀನಿ ಕಣೋ. ಹಿಡ್ಕೋ," ಅಂದರು ಅಕ್ಕ.

ಮೇಷ್ಟ್ರು ಪೆಟ್ಟಿಗೆಯತ್ತ ತಿರುಗಿದರು. ಗುನುಗು ಕೇಳಿಸದೆ ಹೋದರೆ? ಕೂಗು ಸಿಡಿದು ಒಡೆದರೆ? ಹೆದರಿದ ಮನುಷ್ಯ ಬಲ್ಲದ್ದನ್ನೇ ಇನ್ನಷ್ಟು ಮಾಡುತ್ತಾನೆ. ಇವರು ಪೆಟ್ಟಿಗೆಯ ಗುಂಡಿಗಳನ್ನೆಲ್ಲ ಎಂದಿಗಿಂತ ಬಿಗಿಯಾಗಿ ಬಲಕ್ಕೆ ತಿರುವಿದರು. ಅಕ್ಕ ಗುನುಗಿದರು, ಕೂಗಿದರು. ಪೆಟ್ಟಿಗೆಯ ಮುಳ್ಳು ಒಂದೇ ಏಟಿಗೆ ಮೂಲೆ ಸೇರಿತು. ಮರಳಿ ಕೇಳಿಸಿದಾಗ ಆಕೆಯ ಉಸಿರು, ಉಗುಳು ನುಂಗಿದ್ದು, ಕುರ್ಚಿ ಕಿರುಗುಟ್ಟಿದ್ದು ಎಲ್ಲವೂ ಸ್ಫುಟವಾಗಿದ್ದವು. ಕೂಗು ಮಾತ್ರ ಆಸ್ಪತ್ರೆಯ ಕಿಟಕಿಯಲ್ಲಿ ಟೋಕನ್ ನಂಬರು ಕರೆದಷ್ಟು ತಣ್ಣಗಿತ್ತು.

"ಇದ್ಯಾರೋ?"

"ನೀನೇ ಅಕ್ಕಾ."

"ನಾನು ಹೀಗೆ ಕರೆದಿದ್ರೆ ನೀನು ಮನೆಗೆ ಬರ್ತಿದ್ಯೇನೋ?"

ಆಕೆಯ ದನಿ ಆಗಲೇ ತರಕಲಾಗಿತ್ತು. ಇನ್ನೊಮ್ಮೆ ಕೂಗೆಂದು ಕೇಳುವುದಕ್ಕೆ ಮೇಷ್ಟ್ರಿಗೆ ಮುಖವಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ. ಕಡೆಗೆ ಗಾಜಿನ ಕಡೆ ನೋಡದೆ, "ತಪ್ಪು ನಂದು ಅಕ್ಕಾ. ಇನ್ನೊಂದು ಸಲ ಆಗುತ್ತಾ?" ಅಂದರು.

"ನಿನ್ನ ಬಾಯಲ್ಲಿ ಈ ಮಾತು ಕೇಳಿದ್ದಕ್ಕಾದ್ರೂ ಕೊಡ್ತೀನಿ," ಎಂದು ಅಕ್ಕ ಬಿಸಿನೀರು ಕುಡಿದು ಎದ್ದು ನಿಂತರು.

ಪೆಟ್ಟಿಗೆಯ ಸಂಸ್ಕಾರವನ್ನೆಲ್ಲ ಬದಿಗಿಡುವ ಗುಂಡಿಯೊಂದು ಅದರ ಮೂಲೆಯಲ್ಲಿತ್ತು. ಮೂವತ್ತು ವರ್ಷಗಳಿಂದ ಯಾರೂ ಮುಟ್ಟದೆ ಧೂಳು ಕಚ್ಚಿ ಕೂತಿದ್ದ ಅದನ್ನು ಮೇಷ್ಟ್ರು ಪೆನ್ನಿನ ಹಿಂಬದಿಯಿಂದ ಒತ್ತಬೇಕಾಯಿತು. ಅಕ್ಕನನ್ನು ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಒಳಬರುವ ದನಿಯನ್ನು ಸಾಕಷ್ಟು ತಗ್ಗಿಸಿ, ಕೆಂಪು ದೀಪ ಹಾಕಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ನಾಲ್ಕು ಸಾಲಿನ ಗುನುಗು. ಆಮೇಲೆ ಕೂಗು.

ಆಮೇಲಿನದು ಅವರಿಗೂ ಸರಿಯಾಗಿ ನೆನಪಿಲ್ಲ. ಆ ಮುದ್ರಿಕೆಯಲ್ಲಿ ಮಾತ್ರ ಎಲ್ಲವೂ ಇದೆ: ಮೊದಲು "ಬಾರೋ ಪುಟ್ಟಾ" ಎಂಬ, ಅಂಚಿನಲ್ಲಿ ತುಸು ಹರಿದ ಕೂಗು, ಒಡನೆಯೇ ಬಾಗಿಲು ಕಿರ್ರೆಂದದ್ದು, ಅದರ ಹಿಂದೆ ಐವತ್ತೆಂಟು ವರ್ಷದ ಗಂಡಸೊಬ್ಬನ "ಬಂದೇ ಅಕ್ಕಾ!" ಆಮೇಲೆ ಅಕ್ಕನ ನಗು, ಕೆಮ್ಮು, ಮತ್ತೆ ನಗು. ಭಾವಮೈದುನ ಇದನ್ನು ಕೇಳಿ ಕಡೆಯದನ್ನು ಕತ್ತರಿಸಬಹುದಲ್ಲ ಎಂದು ಕೆಣಕಿದಾಗ ಮೇಷ್ಟ್ರು ಎಂದಿನಂತೆ ರೇಗಲೂ ಇಲ್ಲ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ದನಿ ಮರಳಿತು, ಹಳೆಯದಲ್ಲ. ನಯವಾದ, ಸಮವಾದ, ಯಾವ ಪೆಟ್ಟಿಗೆಯೂ ಬೇಡವಾದ ದನಿ. ಅಕ್ಕ ಫೋನಿನಲ್ಲಿ ಮಾತಾಡುವಾಗ ಮೇಷ್ಟ್ರ ಬೆರಳುಗಳು ಈಗಲೂ ಗಾಳಿಯಲ್ಲಿ ತಿರುಗುತ್ತವೆ, ಆದರೆ ಎಡಕ್ಕೆ.

ಲೋಕದ ಒರಟನ್ನೆಲ್ಲ ನಯ ಮಾಡಲು ಹೊರಟ ಇಂಥವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ಅವರಿಲ್ಲದಿದ್ದರೆ ನಮ್ಮ ಕಿವಿಗಳು ಎಂದೋ ಹರಿದುಹೋಗುತ್ತಿದ್ದವು. ಅವರ ಹಟವನ್ನು ನಾವು ನಗುತ್ತ ಸಹಿಸಿಕೊಳ್ಳಬೇಕು. ಏಕೆಂದರೆ ಅವರನ್ನು ಸಾಕಿ ಬೆಳೆಸಿದ್ದೂ ಇಸ್ತ್ರಿ ಕಾಣದ ಯಾವುದೋ ಒಂದು ಕೂಗೇ, ಮತ್ತು ಅದು ಕಿವಿಗೆ ಬಿದ್ದ ದಿನ ಕೆಂಪು ದೀಪವನ್ನು ಮರೆತು ಬಾಗಿಲು ತೆಗೆಯುವವರಲ್ಲಿ ಅವರೇ ಮೊದಲಿಗರು.